ಪೋಕರ್ ಆಡಿ ದುಡ್ಡು ಮಾಡಬಹುದಾ? ಲೆಕ್ಕ ಹಾಕಿ ನೋಡೋಣ

ಹಾಸ್ಟೆಲ್‌ನಲ್ಲಿ ಈ ಪ್ರಶ್ನೆ ಕೇಳಿದ್ರೆ ಎರಡು ಥರದ ಉತ್ತರ ಸಿಗತ್ತೆ. ಒಂದು, "ಪೋಕರ್ ಜೂಜು ಅಲ್ಲ ಗುರು, ಸ್ಕಿಲ್ ಗೇಮ್, ಆಡಕ್ಕೆ ಬಂದ್ರೆ ದುಡ್ಡೇ ದುಡ್ಡು." ಇನ್ನೊಂದು ಮನೆಯವರದು: "ಇಸ್ಪೀಟು ಮುಟ್ಟಿದವನು ಉದ್ಧಾರ ಆಗಿದ್ದುಂಟಾ?" ಎರಡರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಎರಡು ಕಡೆಯವರೂ ಲೆಕ್ಕ ಮಾಡಿರಲ್ಲ. ನಾವು ಇಂಜಿನಿಯರಿಂಗ್ ಓದ್ತಿದ್ದೀವಿ, ಪ್ರಾಬಬಿಲಿಟಿ ಪೇಪರ್ ಬೇರೆ ಬರೆಯಬೇಕು. ಹಾಗಾಗಿ ಈ ಲೇಖನದಲ್ಲಿ ಮೂರು ವಿಷಯ ನೋಡೋಣ: ಪೋಕರ್‌ನಲ್ಲಿ ಯಾವ ಯಾವ ಫಾರ್ಮ್ಯಾಟ್ ಇವೆ, ಪ್ರತಿಯೊಂದಕ್ಕೂ ಎಷ್ಟು ದುಡ್ಡು ಪಕ್ಕಕ್ಕಿಟ್ಟಿರಬೇಕು, ಕೊನೆಗೆ ನಮ್ಮಂಥ ವಿದ್ಯಾರ್ಥಿಗಳಿಗೆ ಇದರಲ್ಲಿ ಲಾಭ ಉಳಿಯತ್ತಾ?

ಮೊದಲು ಆಟ ಏನು ಅಂತ

ಅತಿ ಹೆಚ್ಚು ಜನ ಆಡೋದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ. ಒಟ್ಟು ಏಳರಲ್ಲಿ ಒಳ್ಳೆಯ ಐದು ಎಲೆಯ ಜೋಡಣೆ ಯಾರದ್ದೋ ಅವರು ಗೆದ್ದಂತೆ. ಎಲೆ ಹಾಕೋದರ ನಡುವೆ ನಾಲ್ಕು ಸಲ ಬೆಟ್ಟಿಂಗ್. ಎಲೆ ಕೆಟ್ಟದಾಗಿದ್ರೂ ದೊಡ್ಡ ಬೆಟ್ ಹಾಕಿ ಉಳಿದವರನ್ನ ಓಡಿಸಿದ್ರೆ ಮಧ್ಯದ ದುಡ್ಡು, ಅಂದ್ರೆ ಪಾಟ್, ನಿಮ್ಮದೇ. ಪ್ರತಿ ಹ್ಯಾಂಡ್‌ನಲ್ಲೂ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಸಣ್ಣ ಬೆಟ್‌ಗೆ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಅಂತಾರೆ. ಲೆಕ್ಕ ಎಲ್ಲ ಮಾಡೋದು ಬಿಗ್ ಬ್ಲೈಂಡ್‌ನಲ್ಲೇ. ನಾನು ಇನ್ನು ಮುಂದೆ ಅದನ್ನ ಬಿಬಿ ಅಂತ ಬರೀತೀನಿ.

ಅಂದರ್ ಬಾಹರ್‌ನಲ್ಲಿ ಎಲೆ ಎಲ್ಲಿ ಬೀಳತ್ತೆ ಅನ್ನೋದರ ಮೇಲೆ ನಿಮ್ಮ ಬುದ್ಧಿವಂತಿಕೆ ಏನೂ ನಡೆಯಲ್ಲ. ಪೋಕರ್‌ನಲ್ಲಿ ನಡೆಯತ್ತೆ. ಎಷ್ಟು ಬೆಟ್ ಮಾಡಬೇಕು, ಯಾವಾಗ ಬಿಡಬೇಕು, ಎದುರಿನವರ ಹತ್ತಿರ ಏನಿರಬಹುದು ಅನ್ನೋದೆಲ್ಲ ನಿರ್ಧಾರಗಳು. 1928ರಲ್ಲಿ ಜಾನ್ ವಾನ್ ನಾಯ್ಮನ್ ಗೇಮ್ ಥಿಯರಿ ಶುರು ಮಾಡಿದಾಗ ಅವರ ತಲೆಯಲ್ಲಿ ಇದ್ದದ್ದು ಇಂಥ ಬ್ಲಫ್ ಇರೋ ಆಟಗಳೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರ ಸೆಫಿಯಸ್ ಅನ್ನೋ ಪ್ರೋಗ್ರಾಂ ಇಬ್ಬರು ಆಡೋ ಲಿಮಿಟ್ ಹೋಲ್ಡೆಮ್ಮನ್ನ ಹೆಚ್ಚುಕಮ್ಮಿ ಪೂರ್ತಿ ಬಿಡಿಸಿಬಿಟ್ಟಿತು. ಹಾಗಾಗಿ ಸ್ಕಿಲ್ ಇದೆ, ಅದರಲ್ಲಿ ಅನುಮಾನ ಇಲ್ಲ. ಪ್ರಶ್ನೆ ಇರೋದು ಆ ಸ್ಕಿಲ್ ದುಡ್ಡಾಗಿ ಕೈಗೆ ಬರಕ್ಕೆ ಎಷ್ಟು ಸಮಯ, ಎಷ್ಟು ಬಂಡವಾಳ ಬೇಕು ಅನ್ನೋದರಲ್ಲಿ.

ಫಾರ್ಮ್ಯಾಟ್ 1: ಕ್ಯಾಶ್ ಗೇಮ್

ಇಲ್ಲಿ ಚಿಪ್ ಅಂದ್ರೆ ನೇರ ದುಡ್ಡು. ಸಾಮಾನ್ಯವಾಗಿ 100 ಬಿಬಿ ತಗೊಂಡು ಕೂರ್ತಾರೆ, ಅದಕ್ಕೆ ಒಂದು ಬೈ-ಇನ್ ಅಂತ ಹೆಸರು. ಯಾವಾಗ ಬೇಕಾದ್ರೂ ಎದ್ದು ಹೋಗಬಹುದು, ಖಾಲಿ ಆದ್ರೆ ಮತ್ತೆ ಹಾಕಬಹುದು. ಸಮಯ ನಿಮ್ಮ ಕೈಯಲ್ಲಿರತ್ತೆ, ಎಷ್ಟು ಗೆಲ್ತಿದ್ದೀರಿ ಅನ್ನೋದನ್ನ ಅಳೆಯೋದೂ ಸುಲಭ: 100 ಹ್ಯಾಂಡಿಗೆ ಎಷ್ಟು ಬಿಬಿ ಬಂತು ಅಂತ. 100 ಹ್ಯಾಂಡಿಗೆ 5 ಬಿಬಿ ಅಂದ್ರೆ ಒಳ್ಳೆಯ ಆಟಗಾರ.

ಇದರಲ್ಲೇ ಒಳಪ್ರಕಾರಗಳಿವೆ. ಲಿಮಿಟ್‌ನಲ್ಲಿ ಬೆಟ್ಟಿನ ಗಾತ್ರ ಮೊದಲೇ ನಿಗದಿ. ನೋ-ಲಿಮಿಟ್‌ನಲ್ಲಿ ಯಾವಾಗ ಬೇಕಾದ್ರೂ ಮುಂದಿರೋ ಎಲ್ಲ ಚಿಪ್ಪನ್ನ ನೂಕಬಹುದು. ಪಾಟ್-ಲಿಮಿಟ್ ಒಮಾಹಾದಲ್ಲಿ ನಾಲ್ಕು ಎಲೆ ಕೊಡ್ತಾರೆ, ಅದರಲ್ಲಿ ಸರಿಯಾಗಿ ಎರಡನ್ನ ಬಳಸಬೇಕು. ಒಮಾಹಾದಲ್ಲಿ ಯಾರ ಕೈಯೂ ಯಾರಿಗಿಂತಲೂ ತುಂಬಾ ಮುಂದೆ ಇರಲ್ಲ, ಅದಕ್ಕೇ ದುಡ್ಡು ಆ ಕಡೆ ಈ ಕಡೆ ಜೋರಾಗಿ ಓಡಾಡತ್ತೆ. ಹೊಸಬರಿಗೆ "ಆಕ್ಷನ್ ಜಾಸ್ತಿ" ಅಂತ ಇದು ಖುಷಿ ಕೊಡತ್ತೆ. ಬಂಡವಾಳ ಕಮ್ಮಿ ಇರೋರಿಗೆ ಅದೇ ವಿಷ.

ಫಾರ್ಮ್ಯಾಟ್ 2: ಸಿಟ್ ಅಂಡ್ ಗೋ

ಒಂಬತ್ತು ಜನ ಸೇರಿದ ತಕ್ಷಣ ಶುರುವಾಗೋ ಪುಟ್ಟ ಟೂರ್ನಮೆಂಟ್. ₹110 ಎಂಟ್ರಿ ಅಂದುಕೊಳ್ಳಿ. ಅದರಲ್ಲಿ ₹100 ಬಹುಮಾನಕ್ಕೆ, ₹10 ನಡೆಸೋರ ಫೀ. ಒಟ್ಟು ಬಹುಮಾನ ₹900. ಸಾಮಾನ್ಯ ಹಂಚಿಕೆ 50-30-20. ಅಂದ್ರೆ ಮೊದಲನೆಯವರಿಗೆ ₹450, ಎರಡನೆಯವರಿಗೆ ₹270, ಮೂರನೆಯವರಿಗೆ ₹180.

ಎಲ್ಲರೂ ಸಮಾನ ಆಟಗಾರರಾಗಿದ್ರೆ ಪ್ರತಿಯೊಬ್ಬರಿಗೂ ಸರಾಸರಿ ₹100 ವಾಪಸ್. ಕೊಟ್ಟಿದ್ದು ₹110. ಅಂದ್ರೆ ಸರಾಸರಿ ಆಟಗಾರ 9% ನಷ್ಟದಲ್ಲಿ ಇರ್ತಾನೆ. ಈಗ ಒಬ್ಬ ಚೆನ್ನಾಗಿ ಆಡೋನನ್ನ ತಗೊಳ್ಳಿ. 14% ಸಲ ಮೊದಲು, 13% ಸಲ ಎರಡನೇ, 13% ಸಲ ಮೂರನೇ ಸ್ಥಾನ. ಅವನ ಸರಾಸರಿ ಗಳಿಕೆ ₹121.50, ಅಂದ್ರೆ ಆಟಕ್ಕೆ ₹11.50 ಲಾಭ, ಸುಮಾರು 10%. ಕೇಳಕ್ಕೆ ಚೆನ್ನಾಗಿದೆ. ಆದರೆ ಇದೇ "ಗೆಲ್ಲೋ ಆಟಗಾರ" 100ಕ್ಕೆ 60 ಸಲ ಬರಿಗೈಯಲ್ಲಿ ಎದ್ದು ಹೋಗ್ತಾನೆ ಅನ್ನೋದನ್ನ ಗಮನಿಸಿ.

ಟೂರ್ನಮೆಂಟಿನ ಇನ್ನೊಂದು ಮಜಾ: ಇಲ್ಲಿ ಚಿಪ್ ದುಡ್ಡಲ್ಲ. ಕೊನೆಗೆ ಗೆದ್ದವನ ಹತ್ತಿರ ಒಂಬತ್ತೂ ಜನರ ಚಿಪ್ ಇರತ್ತೆ, ಅಂದ್ರೆ ಶುರುವಿನ 9 ಪಟ್ಟು. ಆದರೆ ದುಡ್ಡು ಸಿಗೋದು ₹450, ಅಂದ್ರೆ ನಿಮ್ಮ ₹100ರ 4.5 ಪಟ್ಟು ಮಾತ್ರ. ಹಾಗಾಗಿ ಹೊಸದಾಗಿ ಗೆಲ್ಲೋ ಚಿಪ್ಪಿಗೆ ಬೆಲೆ ಕಮ್ಮಿ, ಕಳೆದುಕೊಳ್ಳೋ ಚಿಪ್ಪಿಗೆ ಬೆಲೆ ಜಾಸ್ತಿ. ಕ್ಯಾಶ್ ಗೇಮಿನಲ್ಲಿ 50-50 ಜೂಜು ಸೊನ್ನೆ ಲಾಭ, ಸೊನ್ನೆ ನಷ್ಟ. ಸಿಟ್ ಅಂಡ್ ಗೋದಲ್ಲಿ ಅದೇ 50-50 ನಷ್ಟ. ಕ್ಯಾಶ್ ಆಡಿ ಅಭ್ಯಾಸ ಇರೋರು ಟೂರ್ನಮೆಂಟಿಗೆ ಬಂದಾಗ ಎಡವೋದು ಇಲ್ಲೇ.

ಫಾರ್ಮ್ಯಾಟ್ 3: ದೊಡ್ಡ ಟೂರ್ನಮೆಂಟ್

ನೂರಾರು, ಸಾವಿರಾರು ಜನ. ಸಾಮಾನ್ಯವಾಗಿ 10ರಿಂದ 15% ಜನಕ್ಕೆ ಮಾತ್ರ ಏನಾದ್ರೂ ಸಿಗತ್ತೆ, ಅದರಲ್ಲೂ ನಿಜವಾದ ದುಡ್ಡು ಕೊನೆಯ ಟೇಬಲಿನ ಕೆಲವರಿಗೆ. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಕ್ರಿಸ್ ಮನಿಮೇಕರ್ ಅನ್ನೋ ಅಕೌಂಟೆಂಟ್ 100 ಡಾಲರ್‌ಗಿಂತ ಕಮ್ಮಿ ಖರ್ಚಿನ ಆನ್‌ಲೈನ್ ಟೂರ್ನಮೆಂಟ್ ಮೂಲಕ ಒಳಗೆ ಬಂದು 25 ಲಕ್ಷ ಡಾಲರ್ ಗೆದ್ದರು. ಜಗತ್ತಿನಲ್ಲಿ ಪೋಕರ್ ಹುಚ್ಚು ಹತ್ತಿದ್ದು ಅಲ್ಲಿಂದ. ಆ ಟೂರ್ನಮೆಂಟಿನಲ್ಲಿ 839 ಜನ ಇದ್ದರು. ಉಳಿದ 838 ಜನರಲ್ಲಿ ಎಷ್ಟು ಹೆಸರು ನಿಮಗೆ ಗೊತ್ತು? ಇದಕ್ಕೇ ಸರ್ವೈವರ್‌ಶಿಪ್ ಬಯಾಸ್ ಅನ್ನೋದು.

ದೊಡ್ಡ ಟೂರ್ನಮೆಂಟಿನಲ್ಲಿ ಒಳ್ಳೆಯ ಆಟಗಾರನ ಶೇಕಡಾವಾರು ಲಾಭ ಉಳಿದ ಫಾರ್ಮ್ಯಾಟ್‌ಗಳಿಗಿಂತ ಹೆಚ್ಚಿರಬಹುದು, ಯಾಕಂದ್ರೆ ದುರ್ಬಲ ಆಟಗಾರರು ಅಲ್ಲಿಗೇ ಬರ್ತಾರೆ. ಆದರೆ ಆ ಲಾಭ ಪೂರ್ತಿ ಅಪರೂಪದ ಒಂದೆರಡು ಗೆಲುವಿನಲ್ಲಿ ಅಡಗಿರತ್ತೆ. ಆ ಗೆಲುವು ಬರೋ ತನಕ ಕಾಯೋ ಅಷ್ಟು ಎಂಟ್ರಿ ದುಡ್ಡು ನಿಮ್ಮ ಹತ್ತಿರ ಇರಬೇಕು.

ವೇರಿಯನ್ಸ್: ಎಲ್ಲರೂ ಮರೆಯೋ ಸಂಖ್ಯೆ

ಈಗ ನಿಜವಾದ ವಿಷಯ. 100 ಹ್ಯಾಂಡಿಗೆ 5 ಬಿಬಿ ಗೆಲ್ಲೋ ಆಟಗಾರನನ್ನ ತಗೊಳ್ಳೋಣ. ಆರು ಜನರ ನೋ-ಲಿಮಿಟ್ ಟೇಬಲಿನಲ್ಲಿ 100 ಹ್ಯಾಂಡಿನ ಸ್ಟ್ಯಾಂಡರ್ಡ್ ಡೀವಿಯೇಷನ್ ಹೆಚ್ಚುಕಮ್ಮಿ 100 ಬಿಬಿ ಇರತ್ತೆ. ಅಂದ್ರೆ ಸಿಗ್ನಲ್ 5, ನಾಯ್ಸ್ 100. ಇಸಿ ಬ್ರ್ಯಾಂಚಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ.

10,000 ಹ್ಯಾಂಡ್ ಆಡಿದ್ರೆ ನಿರೀಕ್ಷಿತ ಲಾಭ 500 ಬಿಬಿ. ಸ್ಟ್ಯಾಂಡರ್ಡ್ ಡೀವಿಯೇಷನ್ ವರ್ಗಮೂಲದಲ್ಲಿ ಬೆಳೆಯೋದರಿಂದ ಅದು 1,000 ಬಿಬಿ. ನಾರ್ಮಲ್ ಟೇಬಲ್ ತೆಗೆದು ನೋಡಿದ್ರೆ, ಇಷ್ಟು ಆಡಿದ ಮೇಲೂ ಈ ಒಳ್ಳೆಯ ಆಟಗಾರ ನಷ್ಟದಲ್ಲಿರೋ ಸಂಭವ ಸುಮಾರು 31%. 1,00,000 ಹ್ಯಾಂಡ್ ಆದ ಮೇಲೂ ಸುಮಾರು 6%.

10,000 ಹ್ಯಾಂಡ್ ಅಂದ್ರೆ ಎಷ್ಟು? ಕೈಯಲ್ಲಿ ಎಲೆ ಹಂಚಿ ಆಡಿದ್ರೆ ಗಂಟೆಗೆ ಸುಮಾರು 30 ಹ್ಯಾಂಡ್. ಅಲ್ಲಿಗೆ 333 ಗಂಟೆ. ದಿನಾ ಎರಡು ಗಂಟೆ ಆಡಿದ್ರೂ ಒಂದು ಸೆಮಿಸ್ಟರ್ ದಾಟತ್ತೆ. ಅದಾದ ಮೇಲೂ "ನಾನು ನಿಜವಾಗ್ಲೂ ಚೆನ್ನಾಗಿ ಆಡ್ತೀನಾ, ಅಥವಾ ಲಕ್ಕಾ?" ಅಂತ ಖಚಿತವಾಗಿ ಹೇಳಕ್ಕೆ ಆಗಲ್ಲ. ಒಂದು ವಾರ ಗೆದ್ದು "ನನಗೆ ಆಟ ಬಂತು" ಅನ್ನೋರ ಮಾತನ್ನ ಎಷ್ಟು ನಂಬಬೇಕು ಅಂತ ನೀವೇ ಹೇಳಿ.

ಇದು ಬರೀ ಥಿಯರಿ ಅಲ್ಲ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಅನ್ನೋ ಎಐ ನಾಲ್ಕು ಜನ ವೃತ್ತಿಪರ ಆಟಗಾರರ ವಿರುದ್ಧ ಆಡಿತು. 20 ದಿನ, 1,20,000 ಹ್ಯಾಂಡ್. ಅಷ್ಟೊಂದು ಯಾಕೆ? ಕಮ್ಮಿ ಆಡಿಸಿದ್ರೆ ಗೆದ್ದದ್ದು ಬುದ್ಧಿಯಿಂದಲೋ ಅದೃಷ್ಟದಿಂದಲೋ ಹೇಳಕ್ಕಾಗಲ್ಲ. ಅಷ್ಟೂ ಸಾಲದು ಅಂತ ಒಬ್ಬ ಆಟಗಾರನಿಗೆ ಬಂದ ಎಲೆಗಳನ್ನೇ ಇನ್ನೊಂದು ಕೋಣೆಯಲ್ಲಿ ಕಂಪ್ಯೂಟರ್‌ಗೆ ಕೊಟ್ಟು, ಕಂಪ್ಯೂಟರ್‌ಗೆ ಬಂದದ್ದನ್ನ ಅಲ್ಲಿನ ಆಟಗಾರನಿಗೆ ಕೊಟ್ಟು ಅದೃಷ್ಟವನ್ನ ಕಳೆದರು. ಲಿಬ್ರಾಟಸ್ ಗೆದ್ದದ್ದು 100 ಹ್ಯಾಂಡಿಗೆ 14 ಬಿಬಿಗಿಂತ ಸ್ವಲ್ಪ ಹೆಚ್ಚು. ಜಗತ್ತಿನ ಅತ್ಯುತ್ತಮ ಪ್ರೋಗ್ರಾಂ ಇಷ್ಟು ಎಚ್ಚರಿಕೆಯಿಂದ ಅಳೆಸಿಕೊಂಡಿದೆ. ನಾವು ಶನಿವಾರ ರಾತ್ರಿಯ ಮೂರು ಗಂಟೆಯ ಆಟ ನೋಡಿ ತೀರ್ಮಾನ ಮಾಡ್ತೀವಿ.

ಬ್ಯಾಂಕ್‌ರೋಲ್: ಎಷ್ಟು ದುಡ್ಡು ಇರಬೇಕು?

ಪೋಕರ್‌ಗೆ ಅಂತಲೇ ಪಕ್ಕಕ್ಕಿಟ್ಟ ದುಡ್ಡಿಗೆ ಬ್ಯಾಂಕ್‌ರೋಲ್ ಅಂತಾರೆ. ಅದು ಪೂರ್ತಿ ಹೋದ್ರೂ ನಿಮ್ಮ ಫೀಸು, ಮೆಸ್ ಬಿಲ್ಲು, ಬಸ್ ಪಾಸು ಯಾವುದಕ್ಕೂ ತೊಂದರೆ ಆಗಬಾರದು. ಇದು ಮೊದಲನೇ ನಿಯಮ. ಸ್ಕಾಲರ್‌ಶಿಪ್ ದುಡ್ಡು ಬ್ಯಾಂಕ್‌ರೋಲ್ ಅಲ್ಲ.

ಎಷ್ಟು ಬೇಕು ಅನ್ನೋದಕ್ಕೆ ಒಂದು ಚೆಂದದ ಸೂತ್ರ ಇದೆ, ರಿಸ್ಕ್ ಆಫ್ ರೂಯಿನ್ ಅಂತ. ಎರಡನ್ನ ವಿನ್ ರೇಟ್‌ನಿಂದ ಗುಣಿಸಿ, ಬ್ಯಾಂಕ್‌ರೋಲ್‌ನಿಂದ ಗುಣಿಸಿ, ವೇರಿಯನ್ಸ್‌ನಿಂದ ಭಾಗಿಸಿ. ಬಂದ ಸಂಖ್ಯೆಗೆ ಮೈನಸ್ ಹಾಕಿ ಎಕ್ಸ್‌ಪೊನೆನ್ಷಿಯಲ್ ತಗೊಳ್ಳಿ. ಅದೇ ಒಂದಲ್ಲ ಒಂದು ದಿನ ದಿವಾಳಿ ಆಗೋ ಸಂಭವ. ಮೇಲಿನ ಕ್ಯಾಶ್ ಆಟಗಾರನಿಗೆ (ವೇರಿಯನ್ಸ್ 10,000) ಲೆಕ್ಕ ಹೀಗೆ ಬರತ್ತೆ:

- ವಿನ್ ರೇಟ್ 5, ಬ್ಯಾಂಕ್‌ರೋಲ್ 20 ಬೈ-ಇನ್: 13.5%
- ವಿನ್ ರೇಟ್ 5, ಬ್ಯಾಂಕ್‌ರೋಲ್ 40 ಬೈ-ಇನ್: 1.8%
- ವಿನ್ ರೇಟ್ 2.5, ಬ್ಯಾಂಕ್‌ರೋಲ್ 20 ಬೈ-ಇನ್: 37%
- ವಿನ್ ರೇಟ್ 2.5, ಬ್ಯಾಂಕ್‌ರೋಲ್ 40 ಬೈ-ಇನ್: 13.5%
- ವಿನ್ ರೇಟ್ ಸೊನ್ನೆ ಅಥವಾ ಅದಕ್ಕಿಂತ ಕಮ್ಮಿ, ಬ್ಯಾಂಕ್‌ರೋಲ್ ಎಷ್ಟೇ ಇರಲಿ: 100%

ಕೊನೆಯ ಸಾಲನ್ನ ಇನ್ನೊಂದು ಸಲ ಓದಿ. ಸೋಲೋ ಆಟಗಾರನಿಗೆ ದುಡ್ಡಿನ ಮ್ಯಾನೇಜ್‌ಮೆಂಟ್ ಏನೂ ಮಾಡಕ್ಕಾಗಲ್ಲ, ಸೋಲೋದನ್ನ ನಿಧಾನ ಮಾಡತ್ತೆ ಅಷ್ಟೇ. ಮತ್ತೆ, ಈ ಸೂತ್ರ ಗೆದ್ದ ದುಡ್ಡನ್ನ ನೀವು ಹೊರಗೆ ತೆಗೆಯಲ್ಲ ಅಂತ ಅಂದುಕೊಂಡಿರತ್ತೆ. ಗೆದ್ದಾಗೆಲ್ಲ ಬಿರಿಯಾನಿಗೆ ಖರ್ಚು ಮಾಡಿ ಸೋತಾಗ ಮಾತ್ರ ಬ್ಯಾಂಕ್‌ರೋಲ್‌ನಿಂದ ಕೊಟ್ರೆ ಮೇಲಿನ ಸಂಖ್ಯೆಗಳು ಯಾವುದೂ ಅನ್ವಯ ಆಗಲ್ಲ.

ಇದೇ ಸೂತ್ರವನ್ನ ನಮ್ಮ ಸಿಟ್ ಅಂಡ್ ಗೋ ಆಟಗಾರನಿಗೆ ಹಾಕಿದ್ರೆ 20 ಎಂಟ್ರಿಗೆ ಆಗೋ ದುಡ್ಡಿದ್ದಾಗ ದಿವಾಳಿ ಸಂಭವ ಸುಮಾರು 16%, 50 ಎಂಟ್ರಿಗೆ ಆಗೋ ಅಷ್ಟಿದ್ರೆ 1%. ದೊಡ್ಡ ಟೂರ್ನಮೆಂಟಿಗೆ ವೇರಿಯನ್ಸ್ ಇನ್ನೂ ಹೆಚ್ಚು, ಅದಕ್ಕೇ ಅಲ್ಲಿ 100 ಎಂಟ್ರಿ, 200 ಎಂಟ್ರಿ ಅಂತ ಮಾತಾಡ್ತಾರೆ.

ಶಿಸ್ತಿಗೆ ಹೆಸರಾದ ಒಂದು ಪ್ರಯೋಗ ಇದೆ. 2006ರಲ್ಲಿ ಕ್ರಿಸ್ ಫರ್ಗುಸನ್ ಅನ್ನೋ ವೃತ್ತಿಪರ ಆಟಗಾರ ಸೊನ್ನೆ ಡಾಲರ್‌ನಿಂದ ಶುರು ಮಾಡಿ, ಅಂದ್ರೆ ಎಂಟ್ರಿ ಫೀ ಇಲ್ಲದ ಟೂರ್ನಮೆಂಟ್ ಆಡಿ, 10,000 ಡಾಲರ್ ಮುಟ್ತೀನಿ ಅಂತ ಹೊರಟರು. ಅವರ ನಿಯಮ ಮೂರೇ. ಕ್ಯಾಶ್ ಗೇಮ್ ಅಥವಾ ಸಿಟ್ ಅಂಡ್ ಗೋಗೆ ಒಟ್ಟು ದುಡ್ಡಿನ 5%ಗಿಂತ ಹೆಚ್ಚು ಹಾಕೋ ಹಾಗಿಲ್ಲ. ದೊಡ್ಡ ಟೂರ್ನಮೆಂಟಿಗೆ 2%ಗಿಂತ ಹೆಚ್ಚಿಲ್ಲ. ಕ್ಯಾಶ್ ಟೇಬಲಿನಲ್ಲಿ ಗೆದ್ದು ಮುಂದಿರೋ ಚಿಪ್ ಒಟ್ಟು ದುಡ್ಡಿನ 10% ದಾಟಿದ್ರೆ ಎದ್ದು ಬರಬೇಕು. ತೀರಾ ಕೆಳಗಿನ ಲೆವೆಲ್‌ಗೆ ಮಾತ್ರ ಸ್ವಲ್ಪ ವಿನಾಯಿತಿ. ಈ ನಿಯಮದ ಸೊಗಸು ಏನಂದ್ರೆ, ದುಡ್ಡು ಕಮ್ಮಿ ಆದ ಹಾಗೆ ತಾನಾಗೇ ಕೆಳಗಿನ ಟೇಬಲಿಗೆ ಇಳಿಯಬೇಕಾಗತ್ತೆ. ಅಹಂಕಾರಕ್ಕೆ ಜಾಗ ಇಲ್ಲ. ಅವರು ಗುರಿ ಮುಟ್ಟಿದರು, ಆದರೆ ಸುಮಾರು ಒಂದೂವರೆ ವರ್ಷ ಹಿಡಿಯಿತು. ಅವರು ವಿಶ್ವ ಚಾಂಪಿಯನ್ ಅನ್ನೋದು ನೆನಪಿರಲಿ.

ಈ ಕಥೆಗೆ ಇನ್ನೊಂದು ಬಾಲ ಇದೆ. ಅವರು ಆಡಿದ ಸೈಟ್ ಫುಲ್ ಟಿಲ್ಟ್‌ನ ಡೊಮೇನನ್ನ 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ವಶಪಡಿಸಿಕೊಂಡಿತು. ಆಟಗಾರರ ಠೇವಣಿಗೆ ಸಾಕಾಗೋ ದುಡ್ಡೇ ಕಂಪನಿ ಹತ್ತಿರ ಇರಲಿಲ್ಲ. ಅಲ್ಲಿನ ಆಟಗಾರರಿಗೆ ದುಡ್ಡು ವಾಪಸ್ ಬರಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ಟೇಬಲಿನಲ್ಲಿ ಗೆಲ್ಲೋದು ಒಂದು, ಆ ದುಡ್ಡು ಬ್ಯಾಂಕಿಗೆ ಬರೋದು ಇನ್ನೊಂದು.

ಕೆಲ್ಲಿ: ಗೆಲ್ಲೋ ಬೆಟ್‌ನಲ್ಲೂ ಸೋಲೋದು ಹೇಗೆ

1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಒಂದು ಪೇಪರ್ ಬರೆದರು. ಅದು ಶ್ಯಾನನ್‌ನ ಇನ್ಫರ್ಮೇಷನ್ ಥಿಯರಿಯನ್ನ ಬೆಟ್ಟಿಂಗ್‌ಗೆ ಜೋಡಿಸಿತು. ಪ್ರಶ್ನೆ ಸರಳ: ನಿಮಗೆ ಅನುಕೂಲ ಇರೋ ಬೆಟ್ ಸಿಕ್ಕಿದೆ, ಒಟ್ಟು ದುಡ್ಡಿನಲ್ಲಿ ಎಷ್ಟು ಪಾಲು ಹಾಕಬೇಕು?

ಒಂದು ನಾಣ್ಯ, 55% ಸಲ ನಿಮ್ಮ ಕಡೆ ಬೀಳತ್ತೆ. ಗೆದ್ದರೆ ಹಾಕಿದಷ್ಟೇ ಸಿಗತ್ತೆ. ಕೈಯಲ್ಲಿ ₹10,000. ನೂರು ಸಲ ಆಡಿದ್ರಿ, ಸರಿಯಾಗಿ 55 ಗೆದ್ರಿ, 45 ಸೋತ್ರಿ. ಈಗ ನೋಡಿ:

- ಪ್ರತಿ ಸಲ ಇರೋ ದುಡ್ಡಿನ 10% ಹಾಕಿದ್ರೆ ಕೊನೆಗೆ ಸುಮಾರು ₹16,500
- 20% ಹಾಕಿದ್ರೆ ಸುಮಾರು ₹9,860
- 40% ಹಾಕಿದ್ರೆ ಸುಮಾರು ₹113

ಅದೇ ನಾಣ್ಯ, ಅದೇ ಗೆಲುವು, ಅದೇ ಸೋಲು. ಬದಲಾಗಿದ್ದು ಬೆಟ್ಟಿನ ಗಾತ್ರ ಮಾತ್ರ. ಕೆಲ್ಲಿ ಸೂತ್ರ ಇಲ್ಲಿ ಹೇಳೋದು 10%. ಅದರ ಎರಡು ಪಟ್ಟು ಹಾಕಿದ್ರೆ ಬೆಳವಣಿಗೆ ಹೆಚ್ಚುಕಮ್ಮಿ ಸೊನ್ನೆ, ನಾಲ್ಕು ಪಟ್ಟು ಹಾಕಿದ್ರೆ ಸರ್ವನಾಶ. ನಿಮ್ಮ ಅನುಕೂಲ 55% ಅಂತ ನೀವು ಅಂದುಕೊಂಡಿರೋದು ನಿಜವಾಗಿ 52% ಇರಬಹುದು. ಅದಕ್ಕೇ ತಿಳಿದವರು ಕೆಲ್ಲಿ ಹೇಳಿದ್ದರ ಅರ್ಧ ಅಥವಾ ಕಾಲು ಭಾಗ ಹಾಕ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಇಪ್ಪತ್ತು ಸಾಲಿನ ಪೈಥಾನ್ ಬರೆದ್ರೆ ಇದನ್ನ ನೀವೇ ಪರೀಕ್ಷೆ ಮಾಡಬಹುದು.

ಇದಕ್ಕೆ ವಿರುದ್ಧವಾದದ್ದು "ಸೋತಾಗ ಡಬಲ್ ಹಾಕು" ಅನ್ನೋ ಪದ್ಧತಿ. ನಮ್ಮ ಧರ್ಮರಾಯ ಮಾಡಿದ್ದು ಇದರ ಅಣ್ಣನನ್ನೇ. ಮೊದಲನೇ ತಪ್ಪು ಟೇಬಲ್ ಆಯ್ಕೆ: ಎದುರಿಗೆ ಕೂತಿರೋದು ಶಕುನಿ ಅಂತ ಗೊತ್ತಿದ್ದೂ ಕೂತ. ಎರಡನೇದು, ಸೋತ ಹಾಗೆಲ್ಲ ಪಣ ಏರಿಸಿದ. ಸಂಪತ್ತು, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಸೋತ ಸಿಟ್ಟಿನಲ್ಲಿ ಹೀಗೆ ವಿವೇಕ ಬಿಟ್ಟು ಆಡೋದಕ್ಕೆ ಪೋಕರ್‌ನವರು ಟಿಲ್ಟ್ ಅಂತಾರೆ.

ಆಧುನಿಕ ಉದಾಹರಣೆ ಬೇಕಿದ್ರೆ ಸ್ಟು ಉಂಗರ್. 1980, 1981, 1997ರಲ್ಲಿ ವರ್ಲ್ಡ್ ಸೀರೀಸ್ ಮುಖ್ಯ ಟೂರ್ನಮೆಂಟ್ ಗೆದ್ದವರು, ಬಹಳ ಜನ ಅವರನ್ನ ಸಾರ್ವಕಾಲಿಕ ಪ್ರತಿಭೆ ಅಂತಾರೆ. 1997ರಲ್ಲಿ ಗೆದ್ದದ್ದು 10 ಲಕ್ಷ ಡಾಲರ್. 1998ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಒಂದು ಮೋಟೆಲ್ ರೂಮಿನಲ್ಲಿ ತೀರಿಹೋದಾಗ ಅವರ ಹೆಸರಲ್ಲಿ ಆಸ್ತಿ ಅನ್ನೋದೇ ಇರಲಿಲ್ಲ. ಇಸ್ಪೀಟಿನಲ್ಲಿ ಗೆದ್ದದ್ದು ಡ್ರಗ್ಸ್‌ಗೆ, ಕುದುರೆ ರೇಸು ಮತ್ತು ಸ್ಪೋರ್ಟ್ಸ್ ಬೆಟ್ಟಿಂಗ್‌ಗೆ ಹೋಗ್ತಿತ್ತು. ಸ್ಕಿಲ್ ಇದ್ದದ್ದು ಒಂದು ಕಡೆ, ದುಡ್ಡು ಸೋರಿದ್ದು ಇನ್ನೊಂದು ಕಡೆ.

ಈಗ ಗಂಟೆಯ ಸಂಬಳ ಲೆಕ್ಕ ಹಾಕೋಣ

ಬ್ಲೈಂಡ್ ₹1 ಮತ್ತು ₹2 ಇರೋ ಆಟ. ನೀವು 100 ಹ್ಯಾಂಡಿಗೆ 5 ಬಿಬಿ ಗೆಲ್ಲೋ ಚಾಂಪಿಯನ್. ಅಂದ್ರೆ 100 ಹ್ಯಾಂಡಿಗೆ ₹10. ಗಂಟೆಗೆ 30 ಹ್ಯಾಂಡ್. ಗಂಟೆಯ ಸಂಬಳ ₹3. ಕ್ಯಾಂಟೀನಿನಲ್ಲಿ ಅರ್ಧ ಟೀ ಕೂಡ ಬರಲ್ಲ.

ಸರಿ, ಗಂಟೆಗೆ ₹300 ಬೇಕು ಅಂದುಕೊಳ್ಳಿ. ಆಗ ಬ್ಲೈಂಡ್ ₹100 ಮತ್ತು ₹200 ಇರಬೇಕು. ಒಂದು ಬೈ-ಇನ್ ₹20,000. ಸುರಕ್ಷಿತವಾಗಿ 40 ಬೈ-ಇನ್ ಅಂದ್ರೆ ₹8 ಲಕ್ಷ. ಅಷ್ಟು ದುಡ್ಡು ಪಕ್ಕಕ್ಕಿಡೋ ವಿದ್ಯಾರ್ಥಿಗೆ ಗಂಟೆಗೆ ₹300 ಯಾಕೆ ಬೇಕು? ಅಷ್ಟೇ ಅಲ್ಲ, ಆ ಟೇಬಲಿನಲ್ಲಿ ಕೂತಿರೋರು ನಮ್ಮ ಫ್ಲೋರಿನ ಹುಡುಗರಷ್ಟು ಸುಲಭವಾಗಿ ಸೋಲಲ್ಲ. ಪಿಯುಸಿ ಹುಡುಗರಿಗೆ ಮ್ಯಾಥ್ಸ್ ಟ್ಯೂಷನ್ ಹೇಳಿದ್ರೆ ವೇರಿಯನ್ಸ್ ಸೊನ್ನೆ.

ಇನ್ನು ನಡೆಸೋರ ಪಾಲು, ಅಂದ್ರೆ ರೇಕ್. ಪ್ರತಿ ಪಾಟ್‌ನಿಂದ 5% ತಗೊಳ್ತಾರೆ ಅಂದುಕೊಳ್ಳಿ. ಆರು ಜನರ ಟೇಬಲ್, 100 ಹ್ಯಾಂಡಿನಲ್ಲಿ 60 ಹ್ಯಾಂಡಿಗೆ ರೇಕ್ ಬೀಳತ್ತೆ, ಸರಾಸರಿ ಪಾಟ್ 10 ಬಿಬಿ. ಒಟ್ಟು 30 ಬಿಬಿ ಹೋಯ್ತು, ಒಬ್ಬರಿಗೆ 5 ಬಿಬಿ. ಅಂದ್ರೆ ಉಳಿದವರಿಗಿಂತ 100 ಹ್ಯಾಂಡಿಗೆ 5 ಬಿಬಿ ಚೆನ್ನಾಗಿ ಆಡೋನು ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಸ್ಥಿತಿಗೆ ಬಂದ. ಮಿಕ್ಕವರೆಲ್ಲ ಸೋತರು. ಹಾಸ್ಟೆಲ್ ರೂಮಿನಲ್ಲಿ ರೇಕ್ ಇಲ್ಲ ನಿಜ. ಆದರೆ ಅಲ್ಲಿ ಮೊತ್ತ ಸೊನ್ನೆ: ನೀವು ಗೆದ್ದ ಪ್ರತಿ ರೂಪಾಯಿ ಪಕ್ಕದ ರೂಮಿನವನ ಮೆಸ್ ಬಿಲ್ಲಿನಿಂದ ಬಂದಿರತ್ತೆ. ನಾಳೆ ಅವನ ಜೊತೆಗೇ ಲ್ಯಾಬ್ ರೆಕಾರ್ಡ್ ಬರೀಬೇಕು.

ಇಸ್ಪೀಟಿನ ಗೆಲುವಿಗೆ ಆದಾಯ ತೆರಿಗೆ ನೇರ 30%, ಮೇಲೆ ಸೆಸ್. ಸೋತ ದುಡ್ಡನ್ನ ಸಂಬಳದಂಥ ಬೇರೆ ಆದಾಯದಿಂದ ಕಳೆಯಕ್ಕೆ ಬರಲ್ಲ.

ಕಾನೂನು ಏನನ್ನತ್ತೆ?

ಇದು ತುಂಬಾ ಜನಕ್ಕೆ ಗೊಂದಲ. ನಮ್ಮ ಹೈಕೋರ್ಟ್ 2013ರಲ್ಲಿ ಪೋಕರ್ ಕೌಶಲದ ಆಟವಾಗಿ ಆಡಿದ್ರೆ ಲೈಸೆನ್ಸ್ ಬೇಕಿಲ್ಲ ಅಂದಿತ್ತು. 2021ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣ ಇಟ್ಟು ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. "ಸ್ಕಿಲ್ ಗೇಮ್, ಲೀಗಲ್" ಅನ್ನೋ ಮಾತು ಇನ್ನೂ ಓಡಾಡ್ತಿರೋದು ಇದರಿಂದ.

ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು, ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದರಲ್ಲಿ ಸ್ಕಿಲ್ಲೋ ಅದೃಷ್ಟವೋ ಅನ್ನೋ ಪ್ರಶ್ನೆಯೇ ಇಲ್ಲ. ದುಡ್ಡು ಹಾಕಿ ದುಡ್ಡು ಗೆಲ್ಲೋ ಆನ್‌ಲೈನ್ ಆಟವನ್ನ ನಡೆಸೋದೇ ನಿಷಿದ್ಧ. ನಡೆಸೋರಿಗೆ 3 ವರ್ಷದ ತನಕ ಜೈಲು, 1 ಕೋಟಿ ರೂಪಾಯಿ ತನಕ ದಂಡ. ಜಾಹೀರಾತು ಮಾಡೋರಿಗೂ ಶಿಕ್ಷೆ ಇದೆ. ಆಡೋರಿಗೆ ಶಿಕ್ಷೆ ಇಟ್ಟಿಲ್ಲ. ದೇಶದ ದೊಡ್ಡ ಪೋಕರ್ ಸೈಟ್‌ಗಳು ಆ ತಿಂಗಳಲ್ಲೇ ದುಡ್ಡಿನ ಆಟ ನಿಲ್ಲಿಸಿದವು. ಕಾಯ್ದೆಯನ್ನ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಹೋಗಿವೆ.

ಹಾಗಾಗಿ ಈಗ ಯಾರಾದ್ರೂ "ಏಜೆಂಟ್ ನಂಬರ್ ಕೊಡ್ತೀನಿ, ಯುಪಿಐ ಮಾಡು, ಆಪ್‌ನಲ್ಲಿ ಚಿಪ್ ಬರತ್ತೆ" ಅಂದ್ರೆ ಅದರ ಅರ್ಥ ತಿಳಿದಿರಲಿ. ಗೆದ್ದ ದುಡ್ಡು ಕೊಡದಿದ್ರೆ ನೀವು ಯಾರಿಗೂ ದೂರು ಹೇಳಕ್ಕಾಗಲ್ಲ. ಎದುರಿನ ಐದು ಜನ ಒಬ್ಬರಿಗೊಬ್ಬರು ಎಲೆ ತೋರಿಸಿಕೊಂಡು ಆಡ್ತಿದ್ರೂ ಗೊತ್ತಾಗಲ್ಲ. ಬಾಟ್ ಇದ್ರೂ ಗೊತ್ತಾಗಲ್ಲ. ಗೋವಾದ ಕ್ಯಾಸಿನೊ ಅಂತೀರಾ? ಒಳಗೆ ಬಿಡಕ್ಕೆ 21 ವರ್ಷ ಆಗಿರಬೇಕು. ನಮ್ಮಲ್ಲಿ ಬಹಳಷ್ಟು ಜನಕ್ಕೆ ಆಗಿಲ್ಲ.

ಹಾಗಾದ್ರೆ ಪೋಕರ್ ಬಿಟ್ಟುಬಿಡೋದಾ?

ಬೇಡ. ದುಡ್ಡು ಬಿಡಿ, ಆಟ ಕಲೀರಿ. ಕನ್ನಡ ಸಂಘದ ರೂಮಿನಲ್ಲೋ ಹಾಸ್ಟೆಲ್‌ನಲ್ಲೋ ಪಾಯಿಂಟ್ ಲೀಗ್ ಮಾಡಬಹುದು. ಒಂದು ಸೆಮಿಸ್ಟರ್, ಎಲ್ಲರಿಗೂ ಸಮಾನವಾಗಿ 4,000 ಪಾಯಿಂಟ್ ಬ್ಯಾಂಕ್‌ರೋಲ್, ಬೈ-ಇನ್ 100 ಪಾಯಿಂಟ್. ಫರ್ಗುಸನ್ ನಿಯಮ ಕಡ್ಡಾಯ. ಒಂದು ಶೀಟ್‌ನಲ್ಲಿ ಪ್ರತಿ ಸೆಷನ್ ಬರೆದಿಡಿ: ದಿನ, ಫಾರ್ಮ್ಯಾಟ್, ಎಷ್ಟು ಹ್ಯಾಂಡ್, ಎಷ್ಟು ಬಂತು. ಕೊನೆಗೆ ಗ್ರಾಫ್ ಹಾಕಿ ನೋಡಿದ್ರೆ ವೇರಿಯನ್ಸ್ ಅಂದ್ರೆ ಏನು ಅಂತ ಯಾವ ಟೆಕ್ಸ್ಟ್‌ಬುಕ್ಕಿಗಿಂತಲೂ ಚೆನ್ನಾಗಿ ಅರ್ಥ ಆಗತ್ತೆ. ಎಂಐಟಿಯವರ ಓಪನ್ ಕೋರ್ಸ್‌ವೇರ್‌ನಲ್ಲಿ 2015ರ ಪೋಕರ್ ಥಿಯರಿ ಕೋರ್ಸ್ ಪೂರ್ತಿ ಉಚಿತವಾಗಿದೆ, ಅದನ್ನೂ ನೋಡಿ.

ಶುರು ಮಾಡೋರಿಗೆ ನನ್ನ ಸಲಹೆ ಸಿಟ್ ಅಂಡ್ ಗೋ. ಸಮಯ ಮೊದಲೇ ಗೊತ್ತಿರತ್ತೆ, ಒಂದು ಆಟಕ್ಕೆ ಎಷ್ಟು ಹೋಗಬಹುದು ಅನ್ನೋದಕ್ಕೆ ಮಿತಿ ಇರತ್ತೆ, ಮಧ್ಯದಲ್ಲಿ ಮತ್ತೆ ತುಂಬಿಸಕ್ಕೆ ಅವಕಾಶ ಇಲ್ಲದ್ದರಿಂದ ಟಿಲ್ಟ್ ಆದ್ರೂ ಅಲ್ಲಿಗೇ ನಿಲ್ಲತ್ತೆ. ಆಮೇಲೆ ನೋ-ಲಿಮಿಟ್ ಕ್ಯಾಶ್, ಒಮಾಹಾ ಕೊನೆಗೆ.

ಈ ಲೆಕ್ಕ ಪೋಕರ್‌ನಾಚೆಗೂ ಬೇಕಾಗತ್ತೆ. ನಮ್ಮ ಕ್ಯಾಂಪಸ್ಸಿನಲ್ಲಿ ಪೋಕರ್‌ಗಿಂತ ಹೆಚ್ಚು ಜನ ಈಗ ಆಪ್ಷನ್ ಟ್ರೇಡಿಂಗ್ ಬಗ್ಗೆ ಮಾತಾಡ್ತಾರೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ 2022ರಿಂದ 2024ರ ತನಕದ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ 93% ಜನ ನಷ್ಟ ಮಾಡಿಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಿಂತ ಹೆಚ್ಚು. ಅಲ್ಲೂ ಬ್ರೋಕರೇಜ್ ಅನ್ನೋ ರೇಕ್ ಇದೆ, ಟಿಲ್ಟ್ ಇದೆ, ನಮಗಿಂತ ಚೆನ್ನಾಗಿ ಆಡೋರು ಎದುರಿಗಿದ್ದಾರೆ, ಒಂದು ವಾರದ ಗೆಲುವಿನ ಸ್ಕ್ರೀನ್‌ಶಾಟ್ ಇದೆ.

ಹಾಗಾಗಿ ಯಾವ ಟೇಬಲಿನಲ್ಲಿ ಕೂರೋ ಮೊದಲೂ ಮೂರು ಪ್ರಶ್ನೆ ಕೇಳಿಕೊಳ್ಳಿ. ನನಗೆ ಇಲ್ಲಿ ನಿಜವಾಗ್ಲೂ ಅನುಕೂಲ ಇದೆಯಾ, ಅದಕ್ಕೆ ಸಾವಿರಾರು ಹ್ಯಾಂಡಿನ ದಾಖಲೆ ಇದೆಯಾ? ರೇಕ್, ತೆರಿಗೆ ಕಳೆದ ಮೇಲೂ ಅದು ಉಳಿಯತ್ತಾ? ಈ ದುಡ್ಡು ಪೂರ್ತಿ ಹೋದ್ರೆ ಮನೆಗೆ ಫೋನ್ ಮಾಡಬೇಕಾಗತ್ತಾ? ಮೂರನೇ ಪ್ರಶ್ನೆಗೆ ಉತ್ತರ "ಹೌದು" ಆಗಿದ್ರೆ ಮೊದಲೆರಡನ್ನ ಲೆಕ್ಕ ಹಾಕೋ ಅಗತ್ಯವೇ ಇಲ್ಲ.